ಎಕ್ಸ್‌ಟೆನ್ಷನ್, ಟೆಂಪ್ಲೇಟ್ ಇನ್‌ಸ್ಟಾಲ್ ಆಗದಿದ್ದರೆ: ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ಹುಡುಕಿ

ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಲ್ಯಾಬ್‌ಗಳಲ್ಲೂ ಹಾಸ್ಟೆಲ್ ಕೋಣೆಗಳಲ್ಲೂ ಒಂದೇ ತೊಂದರೆ ಮತ್ತೆಮತ್ತೆ ಎದುರಾಗುತ್ತದೆ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಎಕ್ಸ್‌ಟೆನ್ಷನ್ (ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಪ್ಯಾಕೇಜ್) ಹಾಕಲು ಇನ್‌ಸ್ಟಾಲ್ ಒತ್ತಿದರೆ ನೀಲಿ ಗೆರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಮೂಲೆಯಲ್ಲಿ ಕೆಂಪು ಸಂದೇಶ ಬರುತ್ತದೆ. ಆಗ ಬಹಳಷ್ಟು ಮಂದಿ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತಾರೆ, ಇಲ್ಲವೇ ವಿಎಸ್ ಕೋಡನ್ನೇ ತೆಗೆದು ಹೊಸದಾಗಿ ಹಾಕುತ್ತಾರೆ. ಹೊಸದಾಗಿ ಹಾಕಿದರೂ ಹೆಚ್ಚಿನ ಸಲ ಏನೂ ಬದಲಾಗುವುದಿಲ್ಲ. ವಿಎಸ್ ಕೋಡ್ ತೆಗೆದರೂ ಎಕ್ಸ್‌ಟೆನ್ಷನ್ ಫೋಲ್ಡರ್, ಸೆಟ್ಟಿಂಗ್‌ಗಳು, ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಫೈಲ್‌ಗಳು) ಎಲ್ಲವೂ ನಿಮ್ಮ ಯೂಸರ್ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತವೆ. ಕೆಟ್ಟಿದ್ದು ಅಲ್ಲೇ ಇದ್ದರೆ ಹೊಸದಕ್ಕೂ ಅದೇ ಗತಿ.

ಇನ್‌ಸ್ಟಾಲ್ ಅನ್ನುವ ಒಂದು ಕ್ಲಿಕ್ಕಿನ ಹಿಂದೆ ನಾಲ್ಕು ಕೆಲಸಗಳಿವೆ: ಎಕ್ಸ್‌ಟೆನ್ಷನ್‌ಗಳು ಸಿಗುವ ಆನ್‌ಲೈನ್ ಜಾಗವಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ಹುಡುಕುವುದು, ಫೈಲ್ ಇಳಿಸಿಕೊಳ್ಳುವುದು, ಅದನ್ನು ಬಿಚ್ಚಿ ಸರಿಯಾದ ಜಾಗದಲ್ಲಿ ಇಡುವುದು, ಆಮೇಲೆ ಅದನ್ನು ಚಾಲೂ ಮಾಡುವುದು. ಯಾವ ಕೆಲಸದಲ್ಲಿ ನಿಂತಿತು ಎಂದು ಗೊತ್ತಾದರೆ ಮದ್ದು ಸುಲಭ. ಅದನ್ನು ಹೇಳುವುದು ಲಾಗ್, ಅಂದರೆ ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಯು ಒತ್ತಿದರೆ ಔಟ್‌ಪುಟ್ ಫಲಕ ತೆರೆಯುತ್ತದೆ. ಅದರ ಬಲಗಡೆಯ ಪಟ್ಟಿಯಲ್ಲಿ ವಿಂಡೋ, ಶೇರ್ಡ್, ಎಕ್ಸ್‌ಟೆನ್ಷನ್ ಹೋಸ್ಟ್ ಎಂಬ ಹೆಸರುಗಳನ್ನು ಆರಿಸಿ ನೋಡಿ. ಪೂರ್ತಿ ಲಾಗ್ ಬೇಕಿದ್ದರೆ ಎಫ್1 ಒತ್ತಿ 'ಓಪನ್ ಲಾಗ್ಸ್ ಫೋಲ್ಡರ್' ಎಂದು ಹುಡುಕಿ. ಮೂಲೆಯ ಪುಟ್ಟ ಸಂದೇಶ ಎರಡು ಪದಗಳಲ್ಲಿ ಮುಗಿದುಬಿಡುತ್ತದೆ, ನಿಜವಾದ ಕಾರಣ ಇರುವುದು ಲಾಗ್‌ನಲ್ಲಿ.

ಮುಂದೆ ಬರುವ ಆದೇಶ, ಫೋಲ್ಡರ್, ವಿಳಾಸಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಗೆರೆ, ಚುಕ್ಕೆಗಳನ್ನು ಇಲ್ಲಿರುವಂತೆಯೇ ಇಡಿ.

ಶುರುವಿಗೇ ನೋಡಬೇಕಾದದ್ದು: ವಿಂಡೋಸ್ ಯಾವುದು

ಹಳೆಯ ಯಂತ್ರವಾದರೆ ಬೇರೇನನ್ನೂ ಮುಟ್ಟುವ ಮೊದಲು ಇದನ್ನು ನೋಡಿ. ವಿಂಡೋಸ್ 7ಕ್ಕೆ ಸಿಗುವ ಕೊನೆಯ ವಿಎಸ್ ಕೋಡ್ 1.70.3. ವಿಂಡೋಸ್ 8 ಮತ್ತು 8.1ಕ್ಕೆ ಕೊನೆಯದು 1.79, 32 ಬಿಟ್ ವಿಂಡೋಸ್‌ಗೆ 1.83. ಪ್ರತಿ ಎಕ್ಸ್‌ಟೆನ್ಷನ್‌ನ ಒಳಗೂ ಪ್ಯಾಕೇಜ್.ಜೇಸನ್ ಎಂಬ ಫೈಲ್ ಇರುತ್ತದೆ. ಅದರ 'ಎಂಜಿನ್ಸ್' ಸಾಲಿನಲ್ಲಿ ಕನಿಷ್ಠ ಯಾವ ವಿಎಸ್ ಕೋಡ್ ಬೇಕು ಎಂದು ಬರೆದಿರುತ್ತದೆ. ಅಲ್ಲಿ 1.90 ಎಂದಿದ್ದರೆ ವಿಂಡೋಸ್ 7ರ ಯಂತ್ರದಲ್ಲಿ ಆ ಆವೃತ್ತಿ ಎಷ್ಟು ಒತ್ತಿದರೂ ಕೂರುವುದಿಲ್ಲ. ಆಗ ಎಕ್ಸ್‌ಟೆನ್ಷನ್ ಹೆಸರಿನ ಪಕ್ಕದ ಗೇರ್ ಗುರುತನ್ನು ಒತ್ತಿ 'ಇನ್‌ಸ್ಟಾಲ್ ಸ್ಪೆಸಿಫಿಕ್ ವರ್ಷನ್' ಆರಿಸಿ, ಹಳೆಯದೊಂದನ್ನು ಹಾಕಬೇಕು. ಇಲ್ಲವಾದರೆ ಆ ಯಂತ್ರಕ್ಕೆ ಲಿನಕ್ಸ್ ಹಾಕುವುದೇ ಒಳ್ಳೆಯ ದಾರಿ. ಲಿನಕ್ಸ್‌ನಲ್ಲೂ ಒಂದು ಗಡಿ ಇದೆ: ವಿಎಸ್ ಕೋಡ್ 1.86ರಿಂದ ಮುಂದಕ್ಕೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.28 ಬೇಕು, ಉಬುಂಟು 18.04ರಲ್ಲಿ ಇರುವುದು 2.27.

ಇಳಿಸಿಕೊಳ್ಳುವಾಗಲೇ ನಿಂತರೆ

ನಮ್ಮ ಕಡೆ ಹೆಚ್ಚು ತೊಂದರೆ ಆಗುವುದು ಇಲ್ಲೇ. ಕಾಲೇಜಿನಲ್ಲಿ ಪ್ರಾಕ್ಸಿ (ಇಂಟರ್‌ನೆಟ್‌ಗೆ ಹೋಗುವ ದಾರಿಯಲ್ಲಿ ನಡುವೆ ಕೂತ ಸರ್ವರ್) ಇರುತ್ತದೆ, ಹಾಸ್ಟೆಲ್‌ನಲ್ಲಿ ಲಾಗಿನ್ ಕೇಳುವ ವೈಫೈ, ಮನೆಗೆ ಹೋದರೆ ಮೊಬೈಲ್ ಹಾಟ್‌ಸ್ಪಾಟ್. ಒಂದೇ ಲ್ಯಾಪ್‌ಟಾಪ್ ವಾರದಲ್ಲಿ ಮೂರು ಬಗೆಯ ನೆಟ್‌ವರ್ಕ್ ನೋಡುತ್ತದೆ.

ಲಾಗ್‌ನಲ್ಲಿ 'ಎಕ್ಸ್‌ಎಚ್‌ಆರ್ ಫೇಲ್ಡ್' ಅಥವಾ 'ಇಟೈಮ್ಡ್‌ಔಟ್' ಕಂಡರೆ ಯಂತ್ರಕ್ಕೆ ಮಾರ್ಕೆಟ್‌ಪ್ಲೇಸ್ ಸಿಗುತ್ತಿಲ್ಲ ಎಂದರ್ಥ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಅದೇ ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಮಾಡಿ. ಆಗ ಆಯಿತೆಂದರೆ ತಪ್ಪು ಆ ನೆಟ್‌ವರ್ಕಿನದು, ನಿಮ್ಮ ವಿಎಸ್ ಕೋಡ್‌ನದಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ 'ವಿಎಸ್ ಕೋಡ್ ಬರುತ್ತಿಲ್ಲ ಸರ್' ಎಂದಷ್ಟೇ ಹೇಳಿದರೆ ಅವರಿಗೆ ಎಲ್ಲಿ ಕೈಹಾಕಬೇಕೆಂದು ತಿಳಿಯುವುದಿಲ್ಲ. ತೆರೆಯಬೇಕಾದ ವಿಳಾಸಗಳನ್ನು ಬರೆದುಕೊಡಿ: ಮಾರ್ಕೆಟ್‌ಪ್ಲೇಸ್.ವಿಷುವಲ್‌ಸ್ಟುಡಿಯೊ.ಕಾಮ್, ಗ್ಯಾಲರಿಸಿಡಿಎನ್.ವಿಎಸ್‌ಅಸೆಟ್ಸ್.ಐಒ ಮತ್ತು ಅದರ ಎಲ್ಲ ಉಪವಿಳಾಸಗಳು. ಮೊದಲನೆಯದನ್ನು ಮಾತ್ರ ತೆರೆದರೆ ಹುಡುಕಾಟದಲ್ಲಿ ಹೆಸರು ಕಾಣುತ್ತದೆ, ಇಳಿಸುವಾಗ ನಿಲ್ಲುತ್ತದೆ. ಫೈಲ್ ಬರುವುದು ಎರಡನೆಯ ವಿಳಾಸದಿಂದ. ಟೆಂಪ್ಲೇಟ್‌ಗಳಿಗಾಗಿ (ಹೊಸ ಪ್ರಾಜೆಕ್ಟಿನ ಸಿದ್ಧ ಚೌಕಟ್ಟುಗಳು) ಎಪಿಐ.ನುಗೆಟ್.ಆರ್ಗ್ ಮತ್ತು ರಿಜಿಸ್ಟ್ರಿ.ಎನ್‌ಪಿಎಂಜೆಎಸ್.ಆರ್ಗ್ ಕೂಡ ಬೇಕು.

ಇದರ ತಿರುಗಾಮುರುಗ ತೊಂದರೆಯೂ ಉಂಟು. ಕಾಲೇಜಿನಲ್ಲಿ ಕೆಲಸ ಆಗಲೆಂದು ಪ್ರಾಕ್ಸಿ ಹಾಕಿರುತ್ತಾರೆ, ಜಗಳೂರಿಗೋ ಹೊಸದುರ್ಗಕ್ಕೋ ಮನೆಗೆ ಹೋದ ಮೇಲೆ ಅದು ಮರೆತುಹೋಗಿರುತ್ತದೆ. ಬ್ರೌಸರ್ ಚೆನ್ನಾಗಿ ಓಡುತ್ತದೆ, ಇನ್‌ಸ್ಟಾಲ್ ಮಾತ್ರ ಆಗುವುದಿಲ್ಲ. ಪ್ರಾಕ್ಸಿ ಅಡಗಿಕೊಳ್ಳುವ ಜಾಗಗಳು ನಾಲ್ಕು: ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟ, ವಿಎಸ್ ಕೋಡ್‌ನ 'ಎಚ್‌ಟಿಟಿಪಿ.ಪ್ರಾಕ್ಸಿ' ಸೆಟ್ಟಿಂಗ್, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾದ ಎಚ್‌ಟಿಟಿಪಿ_ಪ್ರಾಕ್ಸಿ ಮತ್ತು ಎಚ್‌ಟಿಟಿಪಿಎಸ್_ಪ್ರಾಕ್ಸಿ, ಕೊನೆಯದಾಗಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಇಳಿಸುವ ಎನ್‌ಪಿಎಂನ ಸ್ವಂತ ಸೆಟ್ಟಿಂಗ್. ಕೊನೆಯದನ್ನು 'ಎನ್‌ಪಿಎಂ ಕಾನ್ಫಿಗ್ ಗೆಟ್ ಪ್ರಾಕ್ಸಿ' ಎಂದು ಕೇಳಿ ನೋಡಿ, 'ಎನ್‌ಪಿಎಂ ಕಾನ್ಫಿಗ್ ಡಿಲೀಟ್ ಪ್ರಾಕ್ಸಿ' ಎಂದು ತೆಗೆಯಿರಿ. 'ಎಚ್‌ಟಿಟಿಪಿಎಸ್-ಪ್ರಾಕ್ಸಿ' ಬೇರೆ ಸಾಲು, ಅದನ್ನೂ ತೆಗೆಯಬೇಕು. ವೇರಿಯಬಲ್ ಬದಲಿಸಿದ ಮೇಲೆ ವಿಎಸ್ ಕೋಡ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ತೆರೆಯಿರಿ. ತೆರೆದಿದ್ದ ಪ್ರೋಗ್ರಾಂ ವೇರಿಯಬಲ್‌ನ ಹಳೆಯ ಮೌಲ್ಯವನ್ನೇ ಹಿಡಿದುಕೊಂಡಿರುತ್ತದೆ.

ಸರ್ಟಿಫಿಕೇಟ್ ತಕರಾರು ಇನ್ನೊಂದು ಬಗೆ. ಸರ್ಟಿಫಿಕೇಟ್ ಎಂದರೆ ಸೈಟ್ ನಿಜವಾದದ್ದೇ ಎಂದು ತೋರಿಸುವ ಡಿಜಿಟಲ್ ಗುರುತುಪತ್ರ. 'ಇಆರ್‌ಆರ್_ಸರ್ಟ್_ಡೇಟ್_ಇನ್‌ವ್ಯಾಲಿಡ್' ಬಂದರೆ ಗಡಿಯಾರ ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಇಸವಿ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ, ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಎಂದು ಯಂತ್ರ ತಿಳಿಯುತ್ತದೆ. ಸಮಯ ಸರಿಮಾಡಿದರೆ ಆ ದಿನಕ್ಕೆ ಸಾಕು, ಸೆಲ್ ಬದಲಿಸಿದರೆ ಪೂರ್ತಿ ಸರಿಹೋಗುತ್ತದೆ. 'ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಇನ್ ಸರ್ಟಿಫಿಕೇಟ್ ಚೈನ್' ಅಥವಾ 'ಅನ್‌ಏಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್' ಬಂದರೆ, ನಡುವೆ ಕೂತ ಫೈರ್‌ವಾಲ್ ತನ್ನದೇ ಸರ್ಟಿಫಿಕೇಟ್ ಕೊಡುತ್ತಿದೆ. ಇದಕ್ಕೆ 'ಪ್ರಾಕ್ಸಿ ಸ್ಟ್ರಿಕ್ಟ್ ಎಸ್‌ಎಸ್‌ಎಲ್' ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಇಳಿಸುತ್ತಿರುವುದು ನಿಮ್ಮ ಯಂತ್ರದಲ್ಲಿ ಓಡುವ ಕೋಡ್. ಅದು ಎಲ್ಲಿಂದ ಬಂತು ಎಂಬ ಪರೀಕ್ಷೆಯನ್ನೇ ಬಿಟ್ಟುಕೊಡಬಾರದು. ಫೈರ್‌ವಾಲಿನ ರೂಟ್ ಸರ್ಟಿಫಿಕೇಟನ್ನು ಲ್ಯಾಬ್‌ನವರಿಂದ ಪಡೆದು ವಿಂಡೋಸ್‌ನ 'ಟ್ರಸ್ಟೆಡ್ ರೂಟ್' ಪಟ್ಟಿಗೆ ಸೇರಿಸಿ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮತ್ತು ಎನ್‌ಪಿಎಂಗೆ ಅದೇ ಫೈಲಿನ ದಾರಿಯನ್ನು ನೋಡ್_ಎಕ್ಸ್‌ಟ್ರಾ_ಸಿಎ_ಸರ್ಟ್ಸ್ ವೇರಿಯಬಲ್‌ನಲ್ಲಿ ಕೊಡಿ.

ಬಂದ ಫೈಲ್ ಬಿಚ್ಚಿಕೊಳ್ಳದಿದ್ದರೆ

ಎಕ್ಸ್‌ಟೆನ್ಷನ್ ಬರುವುದು ವಿಎಸ್‌ಐಎಕ್ಸ್ ಎಂಬ ಫೈಲಿನಲ್ಲಿ. ಅದು ನಿಜದಲ್ಲಿ ಜಿಪ್ ಫೈಲೇ. ಹಾಟ್‌ಸ್ಪಾಟ್ ನಡುವೆ ಕಡಿದುಹೋದರೆ ಅರ್ಧ ಬಂದ ಫೈಲ್ ಕ್ಯಾಶ್‌ನಲ್ಲಿ ಉಳಿಯಬಹುದು, ಮುಂದಿನ ಸಲವೂ ಅದನ್ನೇ ಬಿಚ್ಚಲು ಹೋಗಿ 'ಎಂಡ್ ಆಫ್ ಸೆಂಟ್ರಲ್ ಡೈರೆಕ್ಟರಿ ರೆಕಾರ್ಡ್ ಸಿಗ್ನೇಚರ್ ನಾಟ್ ಫೌಂಡ್' ಎಂಬ ದೋಷ ಬರುತ್ತದೆ. ಜಿಪ್ ಫೈಲಿನ ಕೊನೆಯ ಭಾಗವೇ ಬಂದಿಲ್ಲ ಎಂದು ಇದರ ಅರ್ಥ. ವಿಎಸ್ ಕೋಡ್ ಮುಚ್ಚಿ, ವಿಂಡೋಸ್ + ಆರ್ ಒತ್ತಿ %ಆ್ಯಪ್‌ಡೇಟಾ%\ಕೋಡ್ ಎಂದು ತೆರೆದು, ಅಲ್ಲಿರುವ 'ಕ್ಯಾಶ್ಡ್‌ಎಕ್ಸ್‌ಟೆನ್ಷನ್‌ವಿಎಸ್‌ಐಎಕ್ಸ್‌ಸ್' ಫೋಲ್ಡರನ್ನು ಖಾಲಿ ಮಾಡಿ. ಬ್ರೌಸರ್‌ನಿಂದ ನೀವೇ ಇಳಿಸಿದ ಫೈಲಾದರೆ ಗಾತ್ರ ನೋಡಿ. ಹತ್ತಾರು ಎಂಬಿ ಇರಬೇಕಾದದ್ದು ಕೆಲವೇ ಕೆಬಿ ಇದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಒಳಗೆ ಹಾಸ್ಟೆಲ್ ವೈಫೈನ ಲಾಗಿನ್ ಪುಟ ಕಾಣಿಸಬಹುದು.

'ಇಪಿಇಆರ್‌ಎಂ' ಮತ್ತು 'ರಿನೇಮ್' ಪದಗಳು ಒಟ್ಟಿಗೆ ಕಂಡರೆ ಫೈಲ್ ಇಳಿದಿದೆ, ಬಿಚ್ಚಿದ್ದೂ ಆಗಿದೆ. ತಾತ್ಕಾಲಿಕ ಹೆಸರಿನಿಂದ ನಿಜವಾದ ಹೆಸರಿಗೆ ಬದಲಿಸುವಾಗ ಯಾರೋ ಆ ಫೋಲ್ಡರನ್ನು ಹಿಡಿದುಕೊಂಡಿದ್ದಾರೆ. ಸಾಮಾನ್ಯವಾಗಿ ಅದು ಆ್ಯಂಟಿವೈರಸ್, ಇಲ್ಲವೇ ತೆರೆದಿರುವ ಇನ್ನೊಂದು ವಿಎಸ್ ಕೋಡ್ ಕಿಟಕಿ. ಎಲ್ಲ ಕಿಟಕಿ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಉಳಿದ ವಿಎಸ್ ಕೋಡ್ ಪ್ರಕ್ರಿಯೆಗಳನ್ನೂ ನಿಲ್ಲಿಸಿ, ಒಂದೇ ಕಿಟಕಿ ತೆರೆದು ಮತ್ತೆ ಹಾಕಿ. 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಬೇಡ. ಹಾಗೆ ಹಾಕಿದ ಫೈಲ್‌ಗಳ ಮೇಲೆ ಆಮೇಲೆ ನಿಮ್ಮ ಸಾಮಾನ್ಯ ಖಾತೆಗೆ ಹಕ್ಕಿಲ್ಲದೆ ಹೊಸ ತೊಂದರೆ ಹುಟ್ಟಬಹುದು.

ಬಿಚ್ಚುವ ನಡುವೆ ಕರೆಂಟ್ ಹೋಗಿದ್ದರೆ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಇರುತ್ತದೆ, ಕೆಲಸ ಮಾಡುವುದಿಲ್ಲ. ಟರ್ಮಿನಲ್‌ನಲ್ಲಿ

ಕೋಡ್ --ಲಿಸ್ಟ್-ಎಕ್ಸ್‌ಟೆನ್ಷನ್ಸ್ --ಶೋ-ವರ್ಷನ್ಸ್

ಎಂದು ಕೊಟ್ಟು ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ವಿಎಸ್ ಕೋಡ್ ಮುಚ್ಚಿ, %ಯೂಸರ್‌ಪ್ರೊಫೈಲ್%\.ವಿಎಸ್‌ಕೋಡ್\ ಒಳಗಿನ 'ಎಕ್ಸ್‌ಟೆನ್ಷನ್ಸ್' ಫೋಲ್ಡರಿನ ಹೆಸರು ಬದಲಿಸಿ. ಅಳಿಸಬೇಡಿ, ಹೆಸರು ಬದಲಿಸಿದರೆ ಸಾಕು. ಮತ್ತೆ ತೆರೆದಾಗ ಖಾಲಿ ಫೋಲ್ಡರ್ ಹುಟ್ಟುತ್ತದೆ, ಪಟ್ಟಿ ನೋಡಿ ಬೇಕಾದವನ್ನು ಹಾಕಿಕೊಳ್ಳಿ.

ಡಬಲ್ ಕ್ಲಿಕ್ ಮಾಡಬೇಡಿ

ಯಂತ್ರದಲ್ಲಿ ವಿಎಸ್ ಕೋಡ್ ಮತ್ತು ಮೈಕ್ರೋಸಾಫ್ಟ್‌ನದೇ ಇನ್ನೊಂದು ಪ್ರೋಗ್ರಾಮಿಂಗ್ ತಂತ್ರಾಂಶ ವಿಷುವಲ್ ಸ್ಟುಡಿಯೊ ಎರಡೂ ಇದ್ದರೆ ಒಂದು ಗೊಂದಲ ಖಂಡಿತ. ಎರಡರ ಎಕ್ಸ್‌ಟೆನ್ಷನ್ ಫೈಲಿನ ಹೆಸರಿನ ಬಾಲವೂ (ಚುಕ್ಕೆಯ ನಂತರದ ಭಾಗ) ವಿಎಸ್‌ಐಎಕ್ಸ್. ಎರಡೂ ಬೇರೆಬೇರೆ ತಂತ್ರಾಂಶ, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ವಿಎಸ್ ಕೋಡ್‌ನ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ವಿಷುವಲ್ ಸ್ಟುಡಿಯೊದ ಇನ್‌ಸ್ಟಾಲರ್ ತೆರೆದುಕೊಂಡು ಇದು ಸರಿಯಾದ ಪ್ಯಾಕೇಜ್ ಅಲ್ಲ ಎನ್ನುತ್ತದೆ, ನೋಡಿದವರು ಫೈಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ವಿಎಸ್ ಕೋಡ್‌ಗೆ ಹಾಕುವ ದಾರಿ: ಎಕ್ಸ್‌ಟೆನ್ಷನ್ ಫಲಕದ ಮೂರು ಚುಕ್ಕೆ ಒತ್ತಿ 'ಇನ್‌ಸ್ಟಾಲ್ ಫ್ರಂ ವಿಎಸ್‌ಐಎಕ್ಸ್', ಇಲ್ಲವೇ ಟರ್ಮಿನಲ್‌ನಲ್ಲಿ 'ಕೋಡ್ --ಇನ್‌ಸ್ಟಾಲ್-ಎಕ್ಸ್‌ಟೆನ್ಷನ್' ಎಂದು ಬರೆದು ಮುಂದೆ ಫೈಲಿನ ದಾರಿ.

ಇನ್ನೆರಡು ಎಚ್ಚರಿಕೆ. ಸಿ/ಸಿ++ನಂಥ ಎಕ್ಸ್‌ಟೆನ್ಷನ್‌ಗಳು ಪ್ರತಿ ವೇದಿಕೆಗೂ ಬೇರೆ ಫೈಲಾಗಿ ಬರುತ್ತವೆ. ಸ್ನೇಹಿತರ ಮ್ಯಾಕ್‌ನಿಂದ ತಂದದ್ದು ನಿಮ್ಮ ವಿಂಡೋಸ್‌ಗೆ ಕೂರುವುದಿಲ್ಲ. ಪೈಥಾನ್ ಎಕ್ಸ್‌ಟೆನ್ಷನ್ ತನ್ನ ಜೊತೆಗೆ ಪೈಲ್ಯಾನ್ಸ್, ಡಿಬಗ್‌ಪೈ ಬಯಸುತ್ತದೆ. ನೆಟ್ ಇಲ್ಲದ ಯಂತ್ರಕ್ಕೆ ಅವುಗಳ ಫೈಲ್‌ಗಳನ್ನೂ ಪ್ರತ್ಯೇಕವಾಗಿ ಒಯ್ಯಬೇಕು.

ವಿಷುವಲ್ ಸ್ಟುಡಿಯೊ 2022ಕ್ಕೆ ಬಂದರೆ, 2019ಕ್ಕೆ ಮಾಡಿದ ಎಕ್ಸ್‌ಟೆನ್ಷನ್ ಅದರಲ್ಲಿ ಕೂರದಿರುವುದಕ್ಕೆ ಸರಳ ಕಾರಣವಿದೆ: 2022ರಿಂದ ಅದು 64 ಬಿಟ್ ಆಯಿತು, ಮಾಡಿದವರು ಹೊಸದಾಗಿ ಕಟ್ಟಿಕೊಡಬೇಕು. ಇಲ್ಲಿ ಇನ್‌ಸ್ಟಾಲ್ ಒತ್ತಿದ ತಕ್ಷಣ ಏನೂ ಆಗುವುದಿಲ್ಲ, ವಿಷುವಲ್ ಸ್ಟುಡಿಯೊದ ಎಲ್ಲ ಕಿಟಕಿ ಮುಚ್ಚಿದ ಮೇಲೆಯೇ ಇನ್‌ಸ್ಟಾಲರ್ ಏಳುತ್ತದೆ. 'ಮಾಡಿಫೈ' ಒತ್ತಿ. ಎಂಎಸ್‌ಬಿಲ್ಡ್ ಅಥವಾ ಸರ್ವಿಸ್‌ಹಬ್ ಇನ್ನೂ ಓಡುತ್ತಿದೆ ಎಂದರೆ 'ಎಂಡ್ ಟಾಸ್ಕ್ಸ್' ಒತ್ತಿ. ಸೋತರೆ ಲಾಗ್ ಇರುವುದು %ಟೆಂಪ್% ಫೋಲ್ಡರಿನಲ್ಲಿ, ಹೆಸರು ಡಿಡಿ_ವಿಎಸ್‌ಐಎಕ್ಸ್‌ಇನ್‌ಸ್ಟಾಲರ್ ಎಂದು ಶುರುವಾಗುತ್ತದೆ.

ಟೆಂಪ್ಲೇಟ್ ಹಾಕಿದರೂ ಕಾಣದಿದ್ದರೆ

ವಿಷುವಲ್ ಸ್ಟುಡಿಯೊದ ಪ್ರಾಜೆಕ್ಟ್ ಟೆಂಪ್ಲೇಟ್ ಒಂದು ಜಿಪ್ ಫೈಲ್. ಎಪಿಎಂಸಿ ಮೆಕ್ಕೆಜೋಳದ ಆವಕ, ದರ ತೋರಿಸುವ ಆ್ಯಪ್ ಮಾಡುವ ತಂಡವೊಂದು ತನ್ನ ಚೌಕಟ್ಟನ್ನು ಟೆಂಪ್ಲೇಟ್ ಮಾಡಿ ಎಲ್ಲರಿಗೂ ಹಂಚಿದೆ ಎನ್ನಿ. ಜಿಪ್ಪನ್ನು ಬಿಚ್ಚದೆ, ಇದ್ದಂತೆಯೇ, ಡಾಕ್ಯುಮೆಂಟ್ಸ್\ವಿಷುವಲ್ ಸ್ಟುಡಿಯೊ 2022\ಟೆಂಪ್ಲೇಟ್ಸ್\ಪ್ರಾಜೆಕ್ಟ್‌ಟೆಂಪ್ಲೇಟ್ಸ್ ಒಳಗೆ ಇಡಬೇಕು. ಇಟ್ಟರೂ ಕಾಣಲಿಲ್ಲ ಎಂದರೆ ಜಿಪ್ ತೆರೆದು ನೋಡಿ. ವಿಎಸ್‌ಟೆಂಪ್ಲೇಟ್ ಬಾಲದ ಫೈಲ್ ತೆರೆದ ಕೂಡಲೇ ಕಾಣಬೇಕು. ಒಂದು ಫೋಲ್ಡರ್ ಕಂಡು ಅದರೊಳಗೆ ಆ ಫೈಲ್ ಇದ್ದರೆ, ಜಿಪ್ ಮಾಡಿದವರು ಫೋಲ್ಡರನ್ನೇ ಒತ್ತಿ ಜಿಪ್ ಮಾಡಿದ್ದಾರೆ. ಫೋಲ್ಡರಿನ ಒಳಗೆ ಹೋಗಿ ಎಲ್ಲ ಫೈಲ್ ಆರಿಸಿ ಜಿಪ್ ಮಾಡಬೇಕಿತ್ತು. ಟೆಂಪ್ಲೇಟ್ ಕಾಣದಿರಲು ಬಹಳ ಸಾಮಾನ್ಯವಾದ ಕಾರಣವೇ ಇದು.

ಅದು ಸರಿ ಇದ್ದರೆ ಡಾಕ್ಯುಮೆಂಟ್ಸ್ ಎಲ್ಲಿದೆ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಒನ್‌ಡ್ರೈವ್ ಒಳಕ್ಕೆ ಸರಿದಿರಬಹುದು; ನೀವು ಇಟ್ಟ ಫೋಲ್ಡರ್ ಒಂದು, ವಿಷುವಲ್ ಸ್ಟುಡಿಯೊ ನೋಡುವ ಫೋಲ್ಡರ್ ಇನ್ನೊಂದು. ಟೂಲ್ಸ್, ಆಪ್ಷನ್ಸ್, ಪ್ರಾಜೆಕ್ಟ್ಸ್ ಆ್ಯಂಡ್ ಸೊಲ್ಯೂಷನ್ಸ್, ಲೊಕೇಷನ್ಸ್ ಎಂಬಲ್ಲಿ ಸರಿಯಾದ ದಾರಿ ಬರೆದಿರುತ್ತದೆ. ಆಮೇಲೂ ಬರದಿದ್ದರೆ ಹೊಸ ಪ್ರಾಜೆಕ್ಟ್ ಕಿಟಕಿಯ ಭಾಷೆ, ವೇದಿಕೆ ಫಿಲ್ಟರ್‌ಗಳನ್ನು ತೆರವು ಮಾಡಿ. ಆ ಭಾಷೆಯ ವರ್ಕ್‌ಲೋಡ್ ಇನ್‌ಸ್ಟಾಲ್ ಆಗಿದೆಯೇ ಎಂಬುದನ್ನೂ ಪರೀಕ್ಷಿಸಿ.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯ ಟೆಂಪ್ಲೇಟ್‌ಗಳು ಟರ್ಮಿನಲ್‌ನಿಂದ ಬರುತ್ತವೆ. ಹಳೆಯ ಪಾಠಗಳಲ್ಲಿ 'ಡಾಟ್‌ನೆಟ್ ನ್ಯೂ --ಇನ್‌ಸ್ಟಾಲ್' ಎಂದಿರುತ್ತದೆ, ಡಾಟ್‌ನೆಟ್ 7ರಿಂದ ಆ ಎರಡು ಗೆರೆಗಳಿಲ್ಲದ 'ಡಾಟ್‌ನೆಟ್ ನ್ಯೂ ಇನ್‌ಸ್ಟಾಲ್' ಸರಿಯಾದ ರೂಪ. ಸೋತಾಗ ಹೀಗೆ ಸಾಗಿ:

1. 'ಡಾಟ್‌ನೆಟ್ --ಲಿಸ್ಟ್-ಎಸ್‌ಡಿಕೆಸ್' ಕೊಡಿ. ಖಾಲಿ ಬಂದರೆ ಪ್ರೋಗ್ರಾಂ ಓಡಿಸುವ ರನ್‌ಟೈಮ್ ಮಾತ್ರ ಇದೆ, ಪ್ರೋಗ್ರಾಂ ಕಟ್ಟುವ ಎಸ್‌ಡಿಕೆ ಇಲ್ಲ. ಎಸ್‌ಡಿಕೆ ಹಾಕಿದ್ದೂ ಖಾಲಿ ಬಂದರೆ ಪಾತ್ ವೇರಿಯಬಲ್ (ಆದೇಶಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ನೋಡಿ. 'ಪ್ರೋಗ್ರಾಂ ಫೈಲ್ಸ್ (ಎಕ್ಸ್86)\ಡಾಟ್‌ನೆಟ್' ಮೇಲಿದ್ದು 64 ಬಿಟ್‌ನದು ಕೆಳಗಿದ್ದರೆ ಅದಲುಬದಲು ಮಾಡಿ.

2. 'ಡಾಟ್‌ನೆಟ್ ನುಗೆಟ್ ಲಿಸ್ಟ್ ಸೋರ್ಸ್' ಕೊಡಿ. ಪಟ್ಟಿಯಲ್ಲಿ ಆಫ್‌ಲೈನ್ ಪ್ಯಾಕೇಜ್‌ಗಳ ಸಾಲು ಮಾತ್ರ ಇದ್ದು ಡಾಟ್‌ನೆಟ್ ಪ್ಯಾಕೇಜ್‌ಗಳ ಭಂಡಾರವಾದ ನುಗೆಟ್.ಆರ್ಗ್ ಇಲ್ಲದಿದ್ದರೆ, ಎಂಥ ಟೆಂಪ್ಲೇಟ್ ಕೇಳಿದರೂ ಸಿಗುವುದಿಲ್ಲ. 'ಡಾಟ್‌ನೆಟ್ ನುಗೆಟ್ ಆ್ಯಡ್ ಸೋರ್ಸ್' ಆದೇಶದ ಮುಂದೆ ಎಪಿಐ.ನುಗೆಟ್.ಆರ್ಗ್/ವಿ3/ಇಂಡೆಕ್ಸ್.ಜೇಸನ್ ವಿಳಾಸವನ್ನು ಎಚ್‌ಟಿಟಿಪಿಎಸ್ ಸಮೇತ ಕೊಟ್ಟು, ಕೊನೆಗೆ -ಎನ್ ನುಗೆಟ್.ಆರ್ಗ್ ಎಂದು ಹೆಸರಿಡಿ.

3. ಹಾಕಿದ ಟೆಂಪ್ಲೇಟ್ 'ಡಾಟ್‌ನೆಟ್ ನ್ಯೂ ಲಿಸ್ಟ್'ನಲ್ಲಿ ಇಲ್ಲದಿದ್ದರೆ, ಪ್ರಾಜೆಕ್ಟ್ ಫೋಲ್ಡರಿನಲ್ಲೋ ಅದರ ಮೇಲಿನ ಫೋಲ್ಡರಿನಲ್ಲೋ ಗ್ಲೋಬಲ್.ಜೇಸನ್ ಇದೆಯೇ ಹುಡುಕಿ. ಅದು ಹಳೆಯ ಎಸ್‌ಡಿಕೆಯನ್ನು ಕಟ್ಟಿಹಾಕಿರಬಹುದು.

4. ಇಷ್ಟಾದರೂ ಆಗದಿದ್ದರೆ ಮಾತ್ರ 'ಡಾಟ್‌ನೆಟ್ ನ್ಯೂ --ಡಿಬಗ್:ರೀಇನಿಟ್' ಕೊಟ್ಟು ಟೆಂಪ್ಲೇಟ್ ಕ್ಯಾಶ್ ಹೊಸದಾಗಿಸಿ.

ನೀವೇ ಟೆಂಪ್ಲೇಟ್ ಮಾಡುತ್ತಿದ್ದರೆ .ಟೆಂಪ್ಲೇಟ್.ಕಾನ್ಫಿಗ್ ಫೋಲ್ಡರಿನ ಹೆಸರಿನ ಮೊದಲ ಚುಕ್ಕೆ ಬಿಡಬೇಡಿ. ಇನ್ನೊಬ್ಬರ ಟೆಂಪ್ಲೇಟ್ ನಕಲು ಮಾಡಿ ಹೆಸರು ಮಾತ್ರ ಬದಲಿಸಿದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ, ಟೆಂಪ್ಲೇಟ್.ಜೇಸನ್‌ನ 'ಐಡೆಂಟಿಟಿ' ಸಾಲನ್ನೂ ಬದಲಿಸಬೇಕು. ಫೋಲ್ಡರಿನಿಂದ ನೇರವಾಗಿ ಇನ್‌ಸ್ಟಾಲ್ ಮಾಡಿದ್ದರೆ ಆ ಫೋಲ್ಡರನ್ನು ಆಮೇಲೆ ಅಳಿಸುವಂತಿಲ್ಲ. ಅದರ ನಕಲು ಎಲ್ಲೂ ಇರುವುದಿಲ್ಲ, ದಾರಿ ಮಾತ್ರ ನೆನಪಿರುತ್ತದೆ.

ಎನ್‌ಪಿಎಂನಿಂದ ವೀಟ್, ರಿಯಾಕ್ಟ್ ಟೆಂಪ್ಲೇಟ್ ತರುವಾಗ ಪವರ್‌ಶೆಲ್ 'ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್' ಎಂದರೆ ಅದೇ ಆದೇಶವನ್ನು ಸಿಎಂಡಿ ಕಿಟಕಿಯಲ್ಲಿ ಕೊಡಿ, ಆಗುತ್ತದೆ. 'ಇಬಿಎಡಿಎಂಜಿನ್' ಬಂದರೆ ನೋಡ್ ಹಳೆಯದು. ಡೆಸ್ಕ್‌ಟಾಪ್ ಒನ್‌ಡ್ರೈವ್‌ನಲ್ಲಿದ್ದರೆ ಪ್ರಾಜೆಕ್ಟನ್ನು ಡಿ ಡ್ರೈವ್‌ಗೋ ಸಿ ಡ್ರೈವಿನ ಬೇರೊಂದು ಫೋಲ್ಡರಿಗೋ ಒಯ್ಯಿರಿ. ನೋಡ್_ಮಾಡ್ಯೂಲ್ಸ್‌ನ ಸಾವಿರಾರು ಸಣ್ಣ ಫೈಲ್‌ಗಳನ್ನು ಸಿಂಕ್ ಮಾಡಹೋಗಿ ಅದು ಇನ್‌ಸ್ಟಾಲನ್ನೇ ಕೆಡಿಸುತ್ತದೆ.

ಇನ್‌ಸ್ಟಾಲ್ ಆಗಿದೆ, ಕೆಲಸ ಮಾಡುತ್ತಿಲ್ಲ

ಸಿ/ಸಿ++ ಎಕ್ಸ್‌ಟೆನ್ಷನ್ ಹಾಕಿ 'ಜಿಸಿಸಿ ಸಿಗುತ್ತಿಲ್ಲ' ಎನ್ನುವವರು ಬಹಳ. ಜಿಸಿಸಿ ಒಂದು ಕಂಪೈಲರ್, ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ತಂತ್ರಾಂಶ. ಆ ಎಕ್ಸ್‌ಟೆನ್ಷನ್‌ನಲ್ಲಿ ಕಂಪೈಲರ್ ಇಲ್ಲ. ಎಂಎಸ್‌ವೈಎಸ್2 ಹಾಕಿ, ಅದರ ಯುಸಿಆರ್‌ಟಿ64 ಕಿಟಕಿಯಲ್ಲಿ ಪ್ಯಾಕ್‌ಮ್ಯಾನ್ ಮೂಲಕ ಟೂಲ್‌ಚೈನ್ ತರಿಸಿ, ಸಿ:\ಎಂಎಸ್‌ವೈಎಸ್64\ಯುಸಿಆರ್‌ಟಿ64\ಬಿನ್ ಅನ್ನು ಪಾತ್‌ಗೆ ಸೇರಿಸಿ, ವಿಎಸ್ ಕೋಡ್ ಮುಚ್ಚಿ ತೆರೆಯಬೇಕು. ಪ್ರೋಗ್ರಾಂ ಇರುವ ಫೋಲ್ಡರಿಗೆ ಕನ್ನಡ ಹೆಸರು ಕೊಟ್ಟಿದ್ದರೆ ಹೀಗೆ ತರಿಸಿದ ಮಿಂಗ್‌ಡಬ್ಲ್ಯು ಉಪಕರಣಗಳು (ವಿಂಡೋಸ್‌ಗೆ ಹೊಂದಿಸಿದ ಜಿಸಿಸಿ) ಎಡವಬಹುದು. ಕಲಿಯುವ ಹಂತದಲ್ಲಿ ಇಂಗ್ಲಿಷ್ ಅಕ್ಷರದ, ಜಾಗ ಬಿಡದ ಹೆಸರು ಕ್ಷೇಮ. ಕೋಡ್ ರನ್ನರ್ ಬಳಸುವವರಿಗೆ ಸ್ಕ್ಯಾನ್‌ಎಫ್ ಇನ್‌ಪುಟ್ ತೆಗೆದುಕೊಳ್ಳದಿದ್ದರೆ ಅದರ ಸೆಟ್ಟಿಂಗ್‌ನಲ್ಲಿ 'ರನ್ ಇನ್ ಟರ್ಮಿನಲ್' ಆನ್ ಮಾಡಿ.

ಕಿಟಕಿಯ ಕೆಳಗೆ 'ರಿಸ್ಟ್ರಿಕ್ಟೆಡ್ ಮೋಡ್' ಎಂದಿದ್ದರೆ ಆ ಫೋಲ್ಡರನ್ನು ನೀವು ಇನ್ನೂ ನಂಬಿಲ್ಲ, ಅದಕ್ಕೇ ಎಕ್ಸ್‌ಟೆನ್ಷನ್ ಮಲಗಿದೆ. ನಿಮ್ಮದೇ ಕೋಡ್ ಆದರೆ ಟ್ರಸ್ಟ್ ಕೊಡಿ. ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಬಳಸುವವರಿಗೆ ವಿಂಡೋಸ್ ಕಡೆ ಹಾಕಿದ್ದು ಉಬುಂಟು ಕಡೆಗೆ ತಾನಾಗಿ ಬರುವುದಿಲ್ಲ. ಎಕ್ಸ್‌ಟೆನ್ಷನ್ ಪುಟದಲ್ಲಿ 'ಇನ್‌ಸ್ಟಾಲ್ ಇನ್ ಡಬ್ಲ್ಯುಎಸ್‌ಎಲ್' ಗುಂಡಿ ಬೇರೆ ಇದೆ. ಪ್ರೊಫೈಲ್ ಬದಲಿಸಿದ್ದರೂ ಪಟ್ಟಿ ಬೇರೆಯಾಗುತ್ತದೆ. ಎರಡು ಎಕ್ಸ್‌ಟೆನ್ಷನ್ ಪರಸ್ಪರ ಜಗಳವಾಡುತ್ತಿವೆ ಎಂಬ ಅನುಮಾನವಿದ್ದರೆ ಎಫ್1 ಒತ್ತಿ 'ಎಕ್ಸ್‌ಟೆನ್ಷನ್ ಬೈಸೆಕ್ಟ್' ಶುರುಮಾಡಿ. ಅದು ಅರ್ಧದಷ್ಟನ್ನು ಮುಚ್ಚಿ ತೊಂದರೆ ಇದೆಯೇ ಎಂದು ಕೇಳುತ್ತ ಹೋಗುತ್ತದೆ. ಮೂವತ್ತು ಎಕ್ಸ್‌ಟೆನ್ಷನ್ ಇದ್ದರೂ ಐದಾರು ಪ್ರಶ್ನೆಗಳಲ್ಲಿ ತಪ್ಪಿತಸ್ಥನನ್ನು ಹಿಡಿಯಬಹುದು.

ರೀಸ್ಟಾರ್ಟ್ ಮಾಡಿದರೆ ಮಾಯವಾಗುವ ಲ್ಯಾಬ್ ಯಂತ್ರ

ಹಲವು ಲ್ಯಾಬ್‌ಗಳಲ್ಲಿ ಡೀಪ್ ಫ್ರೀಜ್‌ನಂಥ ತಂತ್ರಾಂಶ ಇರುತ್ತದೆ, ರೀಸ್ಟಾರ್ಟ್ ಆದೊಡನೆ ಸಿ ಡ್ರೈವ್ ಮೊದಲಿನಂತಾಗುತ್ತದೆ. ಡಿ ಡ್ರೈವ್‌ಗೆ ಈ ಕಟ್ಟು ಇಲ್ಲದಿದ್ದರೆ ವಿಎಸ್ ಕೋಡನ್ನು '--ಎಕ್ಸ್‌ಟೆನ್ಷನ್ಸ್-ಡಿರ್' ಜೊತೆಗೆ ಅಲ್ಲಿನ ಫೋಲ್ಡರ್ ಕೊಟ್ಟು ತೆರೆಯಿರಿ. ಅದಕ್ಕಿಂತ ಒಳ್ಳೆಯದು ಪೆನ್‌ಡ್ರೈವ್‌ನ ಪೋರ್ಟಬಲ್ ಮೋಡ್. ಇನ್‌ಸ್ಟಾಲರ್ ಬದಲು ವಿಎಸ್ ಕೋಡ್‌ನ ಜಿಪ್ ರೂಪ ಇಳಿಸಿ, ಬಿಚ್ಚಿ, ಕೋಡ್.ಎಕ್ಸ್‌ಇ ಇರುವ ಜಾಗದಲ್ಲೇ 'ಡೇಟಾ' ಎಂಬ ಖಾಲಿ ಫೋಲ್ಡರ್ ಮಾಡಿ. ಮುಂದಕ್ಕೆ ಎಕ್ಸ್‌ಟೆನ್ಷನ್, ಸೆಟ್ಟಿಂಗ್ ಎಲ್ಲವೂ ಅದರೊಳಗೇ ಕೂರುತ್ತವೆ, ಅಡ್ಮಿನ್ ಪಾಸ್‌ವರ್ಡ್ ಬೇಡ. ಯುಎಸ್‌ಬಿ 3ರ ಡ್ರೈವ್ ಇರಲಿ, ಹಳೆಯ ಡ್ರೈವ್‌ನಲ್ಲಿ ಸಣ್ಣ ಫೈಲ್‌ಗಳ ಓದು ತೀರಾ ನಿಧಾನ.

ಲ್ಯಾಬ್ ನೋಡಿಕೊಳ್ಳುವವರಿಗೆ: ಇಡೀ ತರಗತಿ ಒಂದೇ ಗಳಿಗೆಯಲ್ಲಿ ಒಂದೇ ಲೈನಿನಿಂದ ಇಳಿಸಿಕೊಳ್ಳಲು ಬಿಡಬೇಡಿ. ಹೊಸ ಆವೃತ್ತಿಯ ವಿಎಸ್ ಕೋಡ್‌ನಲ್ಲಿ ಎಕ್ಸ್‌ಟೆನ್ಷನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಡೌನ್‌ಲೋಡ್ ವಿಎಸ್‌ಐಎಕ್ಸ್' ಸಿಗುತ್ತದೆ. ಬೇಕಾದ ಫೈಲ್‌ಗಳನ್ನು ಒಮ್ಮೆ ಇಳಿಸಿ ಲ್ಯಾನ್‌ನ ಹಂಚಿಕೆ ಫೋಲ್ಡರಿನಲ್ಲಿಟ್ಟು, 'ಕೋಡ್ --ಇನ್‌ಸ್ಟಾಲ್-ಎಕ್ಸ್‌ಟೆನ್ಷನ್' ಸಾಲುಗಳ ಒಂದು ಬ್ಯಾಚ್ ಫೈಲ್ ಬರೆದಿಡಿ. ಡೀಪ್ ಫ್ರೀಜ್ ನಿಲ್ಲಿಸಿದ ದಿನ ಅದನ್ನು ವಿದ್ಯಾರ್ಥಿಗಳ ಖಾತೆಯಲ್ಲೇ ಓಡಿಸಿ. ಎಕ್ಸ್‌ಟೆನ್ಷನ್ ಆಯಾ ಖಾತೆಯ ಫೋಲ್ಡರಿಗೆ ಮಾತ್ರ ಹೋಗುವುದರಿಂದ ಅಡ್ಮಿನ್ ಖಾತೆಯಲ್ಲಿ ಹಾಕಿದರೆ ವಿದ್ಯಾರ್ಥಿಗಳಿಗೆ ಏನೂ ಕಾಣುವುದಿಲ್ಲ. ಪ್ರತಿ ಯಂತ್ರದಲ್ಲೂ ಒಂದೊಂದು ಸಿ ಮತ್ತು ಪೈಥಾನ್ ಫೈಲ್ ತೆರೆದು, ಓಡಿಸಿ ನೋಡಿದ ಮೇಲೆಯೇ ಮತ್ತೆ ಫ್ರೀಜ್ ಮಾಡಿ.